ಸದ್ದಡಗಿಸುವ ಯಂತ್ರವೂ ಶಾಮಣ್ಣನ ಗುಟ್ಟುಗಳೂ

“ನನ್ನ ಮಗನ ಕಿವಿ ಹೋಯಿತು” ಎಂದು ಶಾಮಣ್ಣ ನನ್ನ ಕಿವಿಯಲ್ಲಿ ಉಸುರಿದಾಗ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದ ನಾಲ್ಕಾರು ಮಂದಿ ತಿರುಗಿ ನೋಡಿದರು. ಶಾಮಣ್ಣನಿಗೆ ಗುಟ್ಟು ಹೇಳುವ ಚಪಲವಿದೆ, ಅದಕ್ಕೆ ತಕ್ಕ ದನಿ ಇಲ್ಲ. ಆಯುಷ್ಯವೆಲ್ಲ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ದುಡಿದವನು. ಅಲ್ಲಿ ಕೂಗಿದರೆ ಮಾತ್ರ ಪಕ್ಕದವನಿಗೆ ಪಿಸುಮಾತು.

“ಬೆಳಿಗ್ಗೆ ಒಂಬತ್ತಕ್ಕೆ ಆ ಹೆಡ್‌ಫೋನ್ ತಲೆಗೇರಿದರೆ ಇಳಿಯುವುದು ರಾತ್ರಿ ಊಟಕ್ಕೆ. ಹೊರಗಿನ ಸದ್ದನ್ನೆಲ್ಲ ಅಳಿಸಿಹಾಕುತ್ತದಂತೆ. ಹಾಲು ತಾ ಎಂದರೆ ಕೇಳಿಸುವುದಿಲ್ಲ, ಕರೆಂಟ್ ಬಿಲ್ ಎಂದರೆ ಮೊದಲೇ ಕೇಳಿಸುವುದಿಲ್ಲ.”

ಸೀತಾರಾಮು ಇಂಥ ಅವಕಾಶಕ್ಕೇ ಕಾಯುತ್ತಿರುತ್ತಾರೆ. “ಕಿವಿ ಬಿಡಯ್ಯಾ, ಮಿದುಳೇ ಬೆಂದುಹೋಗುತ್ತದೆ. ಬ್ಲೂಟೂತ್ ಕಿರಣ! ನಿನ್ನೆ ತಾನೇ ವಾಟ್ಸಾಪ್‌ನಲ್ಲಿ ಬಂದಿತ್ತು.”

ನಾರಾಯಣ ಮೇಷ್ಟ್ರ ಜೊತೆಗೆ ಅವರ ಅಕ್ಕನ ಮಗಳು ಗೌರಿ ಬಂದಿದ್ದಳು. ಪಕ್ಕದಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಜನರ ಕಿವಿ ಪರೀಕ್ಷಿಸುವ ಹುಡುಗಿ. “ಅಂಕಲ್, ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಮುಂದೆ ಬ್ಲೂಟೂತಿನ ಶಕ್ತಿ ಬಹಳ ಕಡಿಮೆ” ಎಂದಳು. ಸೀತಾರಾಮು ಮೊಬೈಲನ್ನು ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಇಳಿಸಿದರು. ಮತ್ತೇನೋ ಯೋಚನೆ ಬಂದು ಅಲ್ಲಿಂದಲೂ ತೆಗೆದು ಕಲ್ಲುಬೆಂಚಿನ ಮೇಲಿಟ್ಟರು.

ಮೇಷ್ಟ್ರು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅವರಿಗೆ ಬೇಕಾದದ್ದು ಕರಿಹಲಗೆ ಮಾತ್ರ. ಕೆರೆ ಏರಿಯಾದರೂ ಸರಿ. “1978ರಲ್ಲಿ ಅಮರ್ ಬೋಸ್ ಜೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುತ್ತಿದ್ದರು. ತಂದೆ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ, ಮಗ ಅಮೆರಿಕದಲ್ಲಿ ಪ್ರೊಫೆಸರ್. ಎಂಜಿನ್ನಿನ ಮೊರೆತದಲ್ಲಿ ಸಂಗೀತ ಕೇಳಿಸಲಿಲ್ಲ ಎಂದು ಸೀಟಿನಲ್ಲೇ ಲೆಕ್ಕ ಹಾಕಲು ಕುಳಿತರು. ಹೊರಗಿನ ಸದ್ದಿನ ಅಲೆಯನ್ನು ಮೈಕ್ ಹಿಡಿಯುವುದು, ಅದು ಏರಿದಾಗ ಇಳಿಯುವಂಥ ಪ್ರತಿ ಅಲೆಯನ್ನು ಒಳಗೆ ಬಿಡುವುದು. ಎರಡೂ ಸೇರಿ ಸೊನ್ನೆ. 1989ರಲ್ಲಿ ಇಂಥದು ಮಾರಾಟಕ್ಕೆ ಬಂದದ್ದು ವಿಮಾನ ಚಾಲಕರಿಗಾಗಿ.”

“ಅಂದರೆ ಕಿವಿ ಕಾಯುವ ಯಂತ್ರ” ಎಂದೆ ನಾನು.

“ಒಂದು ಅರ್ಥದಲ್ಲಿ ಹೌದು” ಎಂದಳು ಗೌರಿ. “ಬಸ್ಸಿನ ಸದ್ದನ್ನು ಮೀರಿಸಲು ಹಾಡಿನ ಸದ್ದು ಏರಿಸುವವರಿಗೆ ಆ ಅಗತ್ಯ ಇರುವುದಿಲ್ಲ. ತೊಂದರೆ ಇರುವುದು ಎಷ್ಟು ಜೋರಾಗಿ, ಎಷ್ಟು ಹೊತ್ತು ಎನ್ನುವುದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸದ್ದು 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದ ಹಾಗೆಲ್ಲ ಹೊತ್ತು ಅರ್ಧ. 83ಕ್ಕೆ 20 ಗಂಟೆ, 86ಕ್ಕೆ ಹತ್ತೇ ಗಂಟೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.”

“ನನ್ನವು ಎಂದೋ ವೈಕುಂಠ ಸೇರಿರಬೇಕು” ಎಂದ ಶಾಮಣ್ಣ. ಯಾರೂ ಅಲ್ಲಗಳೆಯಲಿಲ್ಲ.

ಸೀತಾರಾಮು ಸೋಲೊಪ್ಪುವ ಜಾತಿಯಲ್ಲ. “ಮೊಮ್ಮಗಳದನ್ನು ನಾನೂ ಒಮ್ಮೆ ಹಾಕಿ ನೋಡಿದ್ದೆ. ಆಗುಂಬೆ ಘಾಟಿ ಹತ್ತಿದಂತೆ ಕಿವಿ ಕಟ್ಟಿಕೊಂಡಿತು. ಅದಕ್ಕೇನು ಹೇಳುತ್ತೀಯಮ್ಮಾ?”

“ಒತ್ತಡ ನಿಜವಾಗಿ ಏನೂ ಬದಲಾಗಿರುವುದಿಲ್ಲ, ಅಂಕಲ್. ತಗ್ಗು ಸದ್ದುಗಳು ಒಮ್ಮೆಲೇ ಮಾಯವಾದಾಗ ಮಿದುಳು ಹಾಗೆಂದುಕೊಳ್ಳುತ್ತದೆ ಎನ್ನುತ್ತಾರೆ. ಕೆಲವರಿಗೆ ತಲೆನೋವೂ ಬರುತ್ತದೆ. ಅಂಥವರು ತೆಗೆದಿಡುವುದೇ ವಾಸಿ. ಕಿವಿಯ ಒಳಗೇ ತುರುಕಿಕೊಳ್ಳುವಂಥವಾದರೆ ಬೆವರು, ತುರಿಕೆ, ಸೋಂಕು. ತಾನಾಗಿ ಹೊರಬರಬೇಕಾದ ಗುಗ್ಗೆ ಒಳಗೇ ಕೂರುತ್ತದೆ.”

“ಅದಕ್ಕೇನು, ಸ್ಕೂಟರ್ ಕೀಲಿ ಇದೆಯಲ್ಲ” ಎಂದ ಶಾಮಣ್ಣ. ಗೌರಿ ಕಣ್ಣು ಮುಚ್ಚಿಕೊಂಡಳು. ಕಿವಿವೈದ್ಯರ ಸಂಸಾರ ನಡೆಯುವುದೇ ಇಂಥ ಕೀಲಿಗಳಿಂದ ಎಂದು ನನ್ನ ಅನುಮಾನ.

“ಇನ್ನೊಂದಿದೆ” ಎಂದಳು ಅವಳು. “ಮೌನವೂ ಅತಿಯಾಗಬಾರದು. ಆರೋಗ್ಯವಂತರ ಕಿವಿಗೆ ಎರಡು ವಾರ ಬೆಣೆ ಇಡಿಸಿ ಪರೀಕ್ಷಿಸಿದ್ದಾರೆ. ತೆಗೆದ ಮೇಲೆ ಅವರಿಗೆ ಮಾಮೂಲಿ ಸದ್ದೇ ಜೋರೆನಿಸಿತು. ಒಳಗೆ ಬರುವುದು ಕಡಿಮೆಯಾದರೆ ಮಿದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ. ಗದ್ದಲದಲ್ಲಿ ಬೇಕಾದ ಮಾತನ್ನು ಹೆಕ್ಕಿ ಕೇಳುವ ಅಭ್ಯಾಸ ಈ ಹೆಡ್‌ಫೋನ್‌ಗಳಿಂದ ಮಕ್ಕಳಿಗೆ ತಪ್ಪುತ್ತಿದೆಯೇ ಎಂದು 2025ರಲ್ಲಿ ಬ್ರಿಟನ್ನಿನ ಕೆಲವು ತಜ್ಞರು ಆತಂಕಪಟ್ಟರು. ಸಾಬೀತಾಗಿಲ್ಲ, ಸಂಶೋಧನೆ ಆಗಬೇಕು ಎಂದೂ ಅವರೇ ಹೇಳಿದರು.”

“ನನ್ನ ಮಗನಿಗೆ ಆಗಿರುವುದು ಅದೇ!” ಶಾಮಣ್ಣ ಎದ್ದು ನಿಂತ. “ನನ್ನ ಮಾತು ಹೆಕ್ಕುವುದೇ ಇಲ್ಲ.”

ಅಲ್ಲಿಯವರೆಗೆ ಸುಮ್ಮನಿದ್ದ ಮೇಷ್ಟ್ರು ಕೆಮ್ಮಿದರು. “ಶಾಮಣ್ಣ, ಒಂದು ಸೂಕ್ಷ್ಮ ಹೇಳುವುದು ಬಿಟ್ಟುಹೋಯಿತು. ಪ್ರತಿ ಅಲೆಯ ಉಪಾಯ ಚೆನ್ನಾಗಿ ನಡೆಯುವುದು ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದಿಗೆ. ಎಂಜಿನ್, ಫ್ಯಾನು, ಎ.ಸಿ. ಕ್ಷಣಕ್ಷಣಕ್ಕೂ ಬದಲಾಗುವ ಸದ್ದಿನ ಹತ್ತಿರ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಮಗುವಿನ ಅಳು, ಕುಕ್ಕರಿನ ಸೀಟಿ, ಮನುಷ್ಯರ ಮಾತು ಅಷ್ಟೋ ಇಷ್ಟೋ ಒಳಗೆ ಬಂದೇ ಬರುತ್ತವೆ. ಅದರಲ್ಲೂ ನಿನ್ನ ಮಾತು.”

ಶಾಮಣ್ಣ ಕುಳಿತ.

“ಅಂದರೆ… ಅವನ ಎದುರಿಗೇ ನಾನು ನನ್ನವಳಿಗೆ ಗುಟ್ಟಾಗಿ ಹೇಳಿದ್ದು?”

“ಏನು ಹೇಳಿದ್ದೆ?”

“ಸೊಸೆ ಮಾಡಿದ ಸಾರು ಕಲಗಚ್ಚು ಎಂದಿದ್ದೆ. ಬೀಗರು ಕೊಟ್ಟ ಮಿಕ್ಸಿ ಹಳೆಯದು ಎಂದಿದ್ದೆ. ಅವನ ಸಂಬಳಕ್ಕಿಂತ ನನ್ನ ಪಿಂಚಣಿಗೆ ಮರ್ಯಾದೆ ಹೆಚ್ಚು ಎಂದಿದ್ದೆ. ಅವನು ಒಂದು ಸಲವೂ ತಲೆ ಎತ್ತಿಲ್ಲ.”

“ನಮ್ಮ ಬೀದಿಗೂ ಕೇಳಿಸಿತ್ತು” ಎಂದರು ಸೀತಾರಾಮು, ಸಮಾಧಾನ ಹೇಳುವ ದನಿಯಲ್ಲಿ.

ಗೌರಿ ನಗು ತಡೆದುಕೊಂಡು ಕೇಳಿದಳು: “ಅವರು ಹಾಡನ್ನು ತೀರಾ ಜೋರಾಗಿ ಹಾಕಿಕೊಂಡಿರುತ್ತಾರೆಯೇ?”

“ಯಾರಿಗೆ ಗೊತ್ತು?”

“ನಿಮ್ಮ ದನಿಯೂ ಕೇಳಿಸದಷ್ಟು ಜೋರಾಗಿದ್ದರೆ ನಿಜಕ್ಕೂ ಕಿವಿಗೆ ಅಪಾಯ. ಕೇಳಿಸುತ್ತಿದ್ದರೆ ಕಿವಿ ಚೆನ್ನಾಗಿಯೇ ಇದೆ. ಇವತ್ತು ಅವರ ಹಿಂದೆ ನಿಂತು ಏನಾದರೂ ಹೇಳಿ ನೋಡಿ.”

ಶಾಮಣ್ಣ ಬಹಳ ಹೊತ್ತು ಯೋಚಿಸಿದ. “ನಂಜನಗೂಡಿನ ತೆಂಗಿನ ತೋಟವನ್ನು ಮಗಳ ಹೆಸರಿಗೆ ಬರೆಯುತ್ತೇನೆ ಎಂದರೆ?”

“ಒಳ್ಳೆಯ ಪರೀಕ್ಷೆ. ಅದಕ್ಕೂ ತಿರುಗಿ ನೋಡದಿದ್ದರೆ ಸೋಮವಾರವೇ ಕರೆದುಕೊಂಡು ಬನ್ನಿ, ಆಡಿಯೊಗ್ರಾಂ ಮಾಡೋಣ.”

“ತಿರುಗಿ ನೋಡಿದರೆ?”

“ಆಗ ಅವರನ್ನು ಬಿಟ್ಟು ನೀವೊಬ್ಬರೇ ಬನ್ನಿ, ಅಂಕಲ್. ಕೀಲಿ ಮಾತ್ರ ಸ್ಕೂಟರಿನಲ್ಲೇ ಇರಲಿ.”