ಅಪ್‌ಡೇಟ್: ಬೈಕಿಗೆ ಕೊನೆಗೆ ಶಿಮಾನೊ 105 ಗೇರ್ ಸೆಟ್ ತಗೊಂಡೆ

ರೋಡ್ ಬೈಕಿಗೆ (ರಸ್ತೆಯಲ್ಲಿ ವೇಗವಾಗಿ ಓಡಿಸೋ ಸೈಕಲ್) ಶಿಮಾನೊ ಕಂಪನಿಯ 105 ಗೇರ್ ಸೆಟ್ ಸಾಕಾ, ಅದಕ್ಕಿಂತ ದುಬಾರಿ ಅಲ್ಟೆಗ್ರಾ ಬೇಕಾ ಅಂತ ಇಲ್ಲಿ ಕೇಳಿದ್ದೆ ಅಲ್ವಾ? 12 ಸ್ಪೀಡ್ (ಹಿಂದೆ 12 ಹಲ್ಲುಚಕ್ರ ಇರೋ) 105 ತಗೊಂಡೆ, ಕೇಬಲ್‌ನಿಂದ ನಡೆಯೋದು. 12 ಸ್ಪೀಡ್ ಅಲ್ಟೆಗ್ರಾ ಎಲೆಕ್ಟ್ರಾನಿಕ್‌ನಲ್ಲಿ ಮಾತ್ರ ಬರುತ್ತದೆ. ನನಗೆ ಕೇಬಲ್ ಗೇರೇ ಇಷ್ಟ, ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಭಾನುವಾರ ನಂದಿ ಬೆಟ್ಟ ಹತ್ತಿದೆ. ಅತಿ ಹಗುರ ಗೇರ್‌ನಲ್ಲಿ ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 36. ಕೊನೆಯ ಏರಿನಲ್ಲಿ ಲಿವರ್ ಒತ್ತಿದೆ, ಚೈನ್ ಟಕ್ ಅಂತ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹತ್ತಿ ಕೂತಿತು. ಕಾಲು ಇಳಿಸಲೇ ಇಲ್ಲ! ಹೊಸ ಕೇಬಲ್ ಸ್ವಲ್ಪ ಸಡಿಲ ಆಗಿ ಗೇರ್ ತಡವರಿಸಿತ್ತು, ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸೋ ಭಾಗ) ಹತ್ತಿರದ, ಕೇಬಲ್ ಬಿಗಿ ಮಾಡೋ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿಸಿದೆ, ಸರಿಹೋಯಿತು.

ಅಲ್ಟೆಗ್ರಾ ಬಿಟ್ಟಿದ್ದಕ್ಕೆ ಉಳಿದ ದುಡ್ಡಿಗೆ 28 ಎಂಎಂ ಅಗಲದ ಒಳ್ಳೆ ಟೈರ್ ಹಾಕಿಸಿದೆ. ಕೆಟ್ಟ ರಸ್ತೆಯಲ್ಲಿ ಕೈ ಜುಮ್ಮೆನ್ನುವುದು ಕಡಿಮೆಯಾಗಿದೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.