ಸ್ಪಿನ್ ಗ್ಲಾಸ್ ಗ್ರಾಫಿನಲ್ಲಿ 20 ಕೆಲ್ವಿನ್ ಹತ್ತಿರ ತಗ್ಗು: ಸ್ಯಾಂಪಲ್ ಕೆಟ್ಟಿದೆಯಾ?

ಪ್ರಶ್ನೆ:
ನನ್ನ ಪಿಎಚ್‌ಡಿ ಸ್ಯಾಂಪಲ್ ತಾಮ್ರಕ್ಕೆ ಸ್ವಲ್ಪ ಮ್ಯಾಂಗನೀಸ್ ಬೆರೆಸಿದ ಮಿಶ್ರಲೋಹ. ಅಕ್ಕಿಕಾಳಿಗಿಂತ ಚಿಕ್ಕ ತುಂಡು. 30 ಕೆಲ್ವಿನ್ ಆಸುಪಾಸಿನಲ್ಲಿ ಇದರ ಸ್ಪಿನ್‌ಗಳು, ಅಂದರೆ ಪರಮಾಣುಗಳ ಪುಟ್ಟ ಕಾಂತಗಳು, ಒಂದೊಂದು ಒಂದೊಂದು ದಿಕ್ಕಿಗೆ ಹೆಪ್ಪುಗಟ್ಟುತ್ತವೆ. ಇಂಥದ್ದನ್ನೇ ಸ್ಪಿನ್ ಗ್ಲಾಸ್ ಅನ್ನುವುದು. ಕಾಂತಕ್ಷೇತ್ರ ಇಲ್ಲದೆ 5 ಕೆಲ್ವಿನ್‌ಗೆ ತಣಿಸಿ, ಆಮೇಲೆ ಸಣ್ಣ ಕ್ಷೇತ್ರ ಕೊಟ್ಟು, ಬಿಸಿ ಮಾಡುತ್ತಾ ಕಾಂತತೆ ಅಳೆಯುತ್ತೇನೆ. ಹೋದ ವಾರದ ಗ್ರಾಫೂ ಈ ವಾರದ್ದೂ ಒಂದರ ಮೇಲೊಂದು ಕೂರುತ್ತವೆ. 20ರ ಹತ್ತಿರ ಮಾತ್ರ ಈ ವಾರದ್ದು ಒಂಚೂರು ಕೆಳಗಿದೆ. ಒಂದರಿಂದ ಇನ್ನೊಂದನ್ನು ಕಳೆದರೆ ಅಲ್ಲೊಂದು ಸ್ಪಷ್ಟ ತಗ್ಗು. ಕಿಲುಬು ಹಿಡಿದಿದೆಯಾ? ಎರಡು ದಿನದಿಂದ ಅದೇ ಚಿಂತೆ.

ಉತ್ತರ 1:
ಕಿಲುಬು ಹಿಡಿದರೆ ಒಂದೇ ತಾಪಮಾನದಲ್ಲಿ ಹೀಗೆ ಕಾಣಿಸಲ್ಲ. ತಣಿಸುವಾಗಿನ ಲಾಗ್ ಫೈಲ್ ತೆಗೆದು ನೋಡಿ. 20ರಲ್ಲಿ ಎಲ್ಲಾದರೂ ನಿಂತಿತ್ತಾ?

ಪ್ರಶ್ನೆ ಕೇಳಿದವರು:
ನೋಡಿದೆ ಮೇಡಂ. ರಾತ್ರಿ 3.10ಕ್ಕೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡು 20.2 ಕೆಲ್ವಿನ್‌ನಲ್ಲಿ ಮೂರು ಗಂಟೆ ನಿಂತಿದೆ. ಬೆಳಿಗ್ಗೆ ಜೊತೆಯವರು ಮತ್ತೆ ಓಡಿಸಿದ್ದಾರೆ, ನನಗೆ ಗೊತ್ತಿರಲಿಲ್ಲ. ಆದರೆ ಆಗ ಕ್ಷೇತ್ರವೇ ಇರಲಿಲ್ಲ, ಆಮೇಲೆ 5ಕ್ಕೂ ಇಳಿದಿದೆ. ಅಲ್ಲಿ ನಿಂತಿದ್ದು ಇದಕ್ಕೆ ಹೇಗೆ ನೆನಪಿದೆ?

ಉತ್ತರ 1:
ಅದೇ ಇದರ ಸೊಗಸು. ನಾನು ವರ್ಷಗಟ್ಟಲೆ ಇದನ್ನೇ ಅಳೆದವಳು, ಇವತ್ತಿಗೂ ಆ ತಗ್ಗು ಕಂಡರೆ ಖುಷಿಯಾಗುತ್ತದೆ. ಮ್ಯಾಂಗನೀಸ್ ಪರಮಾಣುಗಳು ತಾಮ್ರದೊಳಗೆ ಎಲ್ಲೆಂದರಲ್ಲಿ ಕೂತಿವೆ. ನಡುವಿನ ದೂರದ ಮೇಲೆ ಒಂದು ಜೋಡಿಗೆ ಒಂದೇ ದಿಕ್ಕು ಬೇಕು, ಇನ್ನೊಂದಕ್ಕೆ ಎದುರು ದಿಕ್ಕು. ಎಲ್ಲವನ್ನೂ ಒಟ್ಟಿಗೆ ಸಮಾಧಾನ ಮಾಡಲು ಆಗಲ್ಲ. ಒಂದೇ ತಾಪಮಾನದಲ್ಲಿ ಬಿಟ್ಟರೆ ಗಂಟೆಗಟ್ಟಲೆ ನಿಧಾನವಾಗಿ ಹೊಂದಿಕೊಳ್ಳುತ್ತಾ ಹೋಗುತ್ತವೆ. ಹೊಂದಿಕೊಂಡಷ್ಟೂ ಹೊರಗಿನ ಕ್ಷೇತ್ರಕ್ಕೆ ಬಗ್ಗುವುದು ಕಡಿಮೆ. ಇನ್ನೂ ತಣಿಸಿದಾಗ ಆ ದೊಡ್ಡ ಹೊಂದಾಣಿಕೆ ಹಾಗೇ ಗಟ್ಟಿಯಾಗಿ ಉಳಿಯುತ್ತದೆ, ಸಣ್ಣ ಗುಂಪುಗಳಷ್ಟೇ ಹೊಸದಾಗಿ ಹೊರಳಾಡುತ್ತವೆ. ವಾಪಸ್ 20ಕ್ಕೆ ಬಂದಾಗ ಹಳೆಯದು ಎದುರಾಗುತ್ತದೆ.

1998ರಲ್ಲಿ ಫ್ರಾನ್ಸಿನ ಸಾಕ್ಲೆ, ಸ್ವೀಡನ್ನಿನ ಉಪ್ಸಾಲಾದವರು ಸೇರಿ ಕ್ರೋಮಿಯಂ, ಕ್ಯಾಡ್ಮಿಯಂ, ಇಂಡಿಯಂ ಇರುವ ಒಂದು ಸಲ್ಫೈಡನ್ನು 12 ಕೆಲ್ವಿನ್‌ನಲ್ಲಿ ಏಳು ಗಂಟೆ ನಿಲ್ಲಿಸಿ, 5ರ ತನಕ ತಣಿಸಿದ್ದರು. ಬಿಸಿ ಮಾಡುವಾಗ ತಗ್ಗು 12ರ ಹತ್ತಿರವೇ ಬಂತು. ಅವರು ಬೇಕಂತಲೇ ಮಾಡಿದ್ದು ನಿಮಗೆ ತಾನಾಗಿ ಸಿಕ್ಕಿದೆ. ಆ ಫೈಲ್ ಅಳಿಸಬೇಡಿ.

ಉತ್ತರ 2:
ಇದೇ ನೆನಪಿನಿಂದ ಇನ್ನೊಂದು ವಿಚಿತ್ರವೂ ಆಗುತ್ತದೆ: ಜಾಸ್ತಿ ಬಿಸಿ ಇದ್ದದ್ದು ಬೇಗ ತಣಿಯುವುದು. ಈಗಿನ ತಾಂಜಾನಿಯಾದಲ್ಲಿ 1963ರಲ್ಲಿ ಎರಾಸ್ಟೊ ಎಂಪೆಂಬಾ ಎಂಬ ಶಾಲಾ ಹುಡುಗ ಐಸ್‌ಕ್ರೀಮ್ ಮಾಡುವಾಗ ಇದನ್ನು ಗಮನಿಸಿದ್ದ. ನೀರಿನ ಬಗ್ಗೆ ವಾದ ಇನ್ನೂ ನಡೆದಿದೆ. ಸ್ಪಿನ್ ಗ್ಲಾಸಿನಲ್ಲಿ ಹೀಗಾಗುವುದನ್ನು 2019ರಲ್ಲಿ ಜಾನಸ್ ಎಂಬ ಸಂಶೋಧಕರ ಬಳಗದವರು ಇದಕ್ಕೆಂದೇ ಕಟ್ಟಿದ ಕಂಪ್ಯೂಟರಿನಲ್ಲಿ ತೋರಿಸಿದರು. ತಾಪಮಾನ ಒಂದೇ ಗೊತ್ತಿದ್ದರೆ ಸಾಲದು. ಸ್ಪಿನ್‌ಗಳ ಹೊಂದಾಣಿಕೆ ಎಷ್ಟು ದೂರ ಹಬ್ಬಿದೆ ಅನ್ನುವುದೂ ಗೊತ್ತಿರಬೇಕು. ಅದು ದೂರ ಹಬ್ಬಿದ್ದರೆ ಬಿಸಿ ಇದ್ದದ್ದು ತಣ್ಣಗಿದ್ದದ್ದನ್ನು ಹಿಂದೆ ಹಾಕುತ್ತದೆ.

ಪ್ರಶ್ನೆ ಕೇಳಿದವರು:
60 ಕೆಲ್ವಿನ್ ತನಕ ಬಿಸಿ ಮಾಡಿ, ಎಲ್ಲೂ ನಿಲ್ಲಿಸದೆ ತಣಿಸಿ ಮತ್ತೆ ಅಳೆದೆ. ತಗ್ಗು ಹೋಯಿತು, ಹೋದ ವಾರದ ಗ್ರಾಫಿನ ಮೇಲೆ ಸರಿಯಾಗಿ ಕೂತಿತು. ಇವತ್ತು ರಾತ್ರಿ ನಾನೇ 22ರಲ್ಲಿ ಮೂರು ಗಂಟೆ, 14ರಲ್ಲಿ ಮೂರು ಗಂಟೆ ನಿಲ್ಲಿಸುತ್ತಿದ್ದೇನೆ. ಎರಡು ತಗ್ಗು ಬರುತ್ತವಾ ನೋಡಬೇಕು. ಹೀಲಿಯಂ ಸಾಕಾಗುವಷ್ಟಿದೆ.