ಅರವಟಿಗೆ ಮಳೆಗಾಲದವರೆಗೂ ನಡೆಯಬೇಕು: ಗಡಿಗೆ, ನೀರು, ಸದಸ್ಯರ ಪಾಳಿ ಹೇಗೆ?

ತೊಗರಿ ಕಣಜ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ನಮ್ಮದು 24 ಸದಸ್ಯರ ಸೇವಾ ಕ್ಲಬ್. ಈ ಸಲ ಶರಣಬಸವೇಶ್ವರ ಜಾತ್ರೆ ಮುಗಿದ ಕೂಡಲೇ ಸೂಪರ್ ಮಾರ್ಕೆಟ್ ಕಡೆ ಅರವಟಿಗೆ ಇಟ್ಟು, ಮಳೆ ಹಿಡಿಯುವವರೆಗೆ ನಡೆಸಬೇಕೆಂದಿದ್ದೇವೆ. ದಿನಕ್ಕೆ 300 ಜನ ಕುಡಿಯಬಹುದೆಂಬ ಅಂದಾಜು. ರಿಬ್ಬನ್ ಕತ್ತರಿಸಿದ ಎಷ್ಟೋ ಅರವಟಿಗೆಗಳಲ್ಲಿ ಏಪ್ರಿಲ್ ಅರ್ಧಕ್ಕೇ ಗಡಿಗೆ ಬರಿದಾಗಿರುತ್ತವೆ, ಹಾಗಾಗಬಾರದು. ಎಷ್ಟು ಗಡಿಗೆ ಬೇಕು, ನೀರು ಎಷ್ಟು? ಇನ್ನೊಂದು ಮಾತು: ತಿಂಗಳ ಊಟದ ಸಭೆಗೆ ಎಲ್ಲರೂ ಬರುತ್ತಾರೆ, ಕೆಲಸಕ್ಕೆ ಮಾತ್ರ ನಾಲ್ಕೇ ಮಂದಿ. ಇದಕ್ಕೇನು ಮಾಡಬೇಕು?

ಶಹಾಬಾದ್ ಪರ್ಸಿ

ಸರ್, ಮೊದ್ಲು ಲೆಕ್ಕ ಹಾಕೂಣು. ಒಬ್ಬರು ಎರಡು ಗ್ಲಾಸ್ ಕುಡೀತಾರ ಅಂತ ಹಿಡೀರಿ, ಗ್ಲಾಸಿಗೆ 250 ಎಂ.ಎಲ್. 300 ಮಂದಿಗೆ 150 ಲೀಟರ್ ಆತು. ಬಾಟಲಿ ತುಂಬ್ಕೊಳ್ಳೋರು, ಚೆಲ್ಲೋದು ಸೇರಿ 200 ಲೀಟರ್, ಅಂದ್ರ 20 ಲೀಟರಿನ ಹತ್ತು ಕ್ಯಾನ್. ಗ್ಲಾಸ್ ತೊಳೆಯೋ ನೀರು ಬ್ಯಾರೆ. 20 ಲೀಟರಿನ ಗಡಿಗಿ ಹತ್ತು ತಗೋರಿ, ಮ್ಯಾಲ ಎರಡು ಒಡೆದ್ರ ಬೇಕಾಗ್ತಾವ.

ಐದು ಗಡಿಗಿ ಇಟ್ಟು ಮಧ್ಯಾಹ್ನ ಮತ್ತ ತುಂಬ್ತೀವಿ ಅಂದ್ರ ನಡಿಯಂಗಿಲ್ಲ. ಬಿಸಿಲು 42, 43 ಡಿಗ್ರಿ ಇದ್ದಾಗ ಟ್ಯಾಂಕರಿನ ಬಿಸಿ ನೀರು ಸುರುವಿದ್ರ ಅದು ತಣ್ಣಗಾಗೋ ಹೊತ್ತಿಗೆ ಸಂಜಿ ಆಗಿರ್ತದ. ಅದಕ್ಕ ಐದೈದರ ಎರಡು ಸಾಲು ಮಾಡಿ, ಹತ್ತೂ ಹಿಂದಿನ ರಾತ್ರಿನೇ ತುಂಬ್ರಿ. ಒಂದು ಸಾಲು ಮುಂಜಾನಿಗೆ, ಇನ್ನೊಂದು ಮಧ್ಯಾಹ್ನ 12ರ ಮ್ಯಾಲ ತೆಗೀರಿ.

ಗಡಿಗಿ ಕೊಳ್ಳೋ ಮುಂದ ಬೆರಳಿನಿಂದ ಬಾರಿಸಿ ನೋಡ್ರಿ. ಠಣ್ ಅನಬೇಕು, ಬದ್ದ ಸಪ್ಪಳ ಬಂದ್ರ ಒಳಗ ಸೀಳಿರ್ತದ. ಹೊಸಾದು ಒಂದು ದಿನ ಪೂರಾ ನೀರಾಗ ನೆನಸ್ರಿ. ಕೆಳಗ ಪರ್ಸಿ (ಕಲ್ಲಿನ ಚಪ್ಪಡಿ) ಹಾಕಿ, ಅದರ ಮ್ಯಾಲ ನಾಲ್ಕು ಇಂಚು ಉಸುಕು ಹಾಸಿ, ದಿನಾ ಎರಡು ಹೊತ್ತು ಉಸುಕು ತೋಯಿಸ್ರಿ. ಹೊರಗ ಗೋಣಿತಟ್ಟು ಸುತ್ತಿ ಅದನ್ನೂ ಹಸಿ ಇಡ್ರಿ.

ಈಗ ಎಲ್ಲಾರೂ ಕೆಡಿಸೋ ಕಡಿ ಹೇಳ್ತೀನಿ. ಗಡಿಗಿ ಮ್ಯಾಲ ಕ್ಲಬ್ಬಿನ ಚಿಹ್ನೆ ಪೇಂಟ್ ಹೊಡಿಸಬ್ಯಾಡ್ರಿ. ಮಣ್ಣಿನ ಸಣ್ಣ ತೂತಿನಿಂದ ನೀರು ಜಿನುಗಿ ಆರಿದ್ರೇನೇ ಒಳಗ ತಂಪು, ಪೇಂಟ್ ಆ ತೂತು ಮುಚ್ಚಿಬಿಡ್ತದ. ಹೆಸರು ಹಲಗಿ ಮ್ಯಾಲ ಬರೀರಿ. ಮೂರು ಕಡಿ ದಾನಿಗಳ ಫ್ಲೆಕ್ಸ್ ಕಟ್ಟಿದ್ರ ಗಾಳಿ ಆಡಂಗಿಲ್ಲ, ಆಗೂ ಅದೇ ಹಾಡು. ನಮ್ಮ ಕಡಿ ಒಣ ಗಾಳಿ ಇರೋದ್ರಿಂದಲೇ ಗಡಿಗಿ ಇಷ್ಟು ತಂಪು ಕೊಡ್ತದ, ಅದನ್ನ ನಾವೇ ತಡೀಬಾರದು. ಮ್ಯಾಲ ಬರೇ ತಗಡು ಹಾಕಿದ್ರ ಕಾವು ಕೆಳಗ ಇಳೀತದ. ತಗಡೇ ಇದ್ರ ಅದರ ಕೆಳಗ ಒಂದು ಅಡಿ ಬಿಟ್ಟು ಚಾಪಿನೋ, ಹಸಿರು ನೆಟ್ಟೋ ಕಟ್ರಿ.

ಸವಳು ನೀರಿನ ಬೋರು ಆದ್ರ ಎರಡು ವಾರದಾಗ ಗಡಿಗಿ ಹೊರಗ ಬೆಳ್ಳಗ ಉಪ್ಪು ಕೂಡ್ತದ. ಬ್ರಷ್ ಹಚ್ಚಿ ತಿಕ್ಕಿ ತೆಗೀರಿ. ಸೋಪು, ಪೌಡರ್ ಯಾವುದೂ ಬ್ಯಾಡ, ಮಣ್ಣು ಹೀರ್ಕೊಂಡು ನೀರಿಗೆ ವಾಸನಿ ಬಿಡ್ತದ. ತೆಂಗಿನ ನಾರು, ಬಿಸಿನೀರು ಸಾಕು.

ಬೆಣ್ಣೆತೊರೆ

ಮೇಲಿನವರು ತಂಪಿನ ಬಗ್ಗೆ ಹೇಳಿದ್ದಾರೆ, ನಾನು ನೀರಿನ ಶುದ್ಧತೆಯ ಬಗ್ಗೆ ಹೇಳುತ್ತೇನೆ. ಆರ್‌ಒ ಕ್ಯಾನ್ ನೀರು ಗಡಿಗೆಗೆ ಸುರಿದ ಮೇಲೂ ಶುದ್ಧವಾಗಿಯೇ ಇರುತ್ತದೆಂದು ತಿಳಿಯಬೇಡಿ. ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಯಾರಾದರೂ ಕೈ ಅದ್ದಿದರೆ ಕಾಯಲು ಏನೂ ಇಲ್ಲ. ಆದ್ದರಿಂದ ಮುಚ್ಚಳ, ನಲ್ಲಿ ಇರುವ ಗಡಿಗೆಯೇ ಆಗಲಿ. ನಲ್ಲಿ ಸಿಗದಿದ್ದರೆ ಉದ್ದ ಹಿಡಿಕೆಯ ಸೌಟಿನಿಂದ ಒಬ್ಬರೇ ಎತ್ತಿ ಕೊಡಬೇಕು. ಗ್ಲಾಸನ್ನು ಗಡಿಗೆಯೊಳಗೆ ಅದ್ದಲು ಬಿಡಬಾರದು. ಉಳಿದ ನೀರನ್ನು ಪ್ರತಿದಿನ ಸಂಜೆ ಚೆಲ್ಲಿ, ಐದು ಗಡಿಗೆಯನ್ನು ಇಂದು, ಇನ್ನೈದನ್ನು ನಾಳೆ ತಿಕ್ಕಿ ತೊಳೆಯಿರಿ.

ಟ್ಯಾಂಕರ್ ಅಥವಾ ಪಾಲಿಕೆಯ ನಲ್ಲಿ ನೀರಾದರೆ ಅರ್ಧ ಗ್ರಾಂನ ಕ್ಲೋರಿನ್ ಮಾತ್ರೆ 20 ಲೀಟರಿಗೆ ಒಂದು ಹಾಕಿ, ಅರ್ಧ ಗಂಟೆ ಬಿಡಿ. ಬೇರೆ ಅಳತೆಯ ಮಾತ್ರೆಗಳೂ ಬರುತ್ತವೆ, ಮಾತ್ರೆಯ ಸ್ಟ್ರಿಪ್ ಮೇಲೆ ಬರೆದ ಲೀಟರ್ ನೋಡಿಕೊಳ್ಳಿ. ಸಿಂಟೆಕ್ಸ್‌ನಲ್ಲಿ ಶೇಖರಿಸುವುದಾದರೆ 1000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ, ಬೇರೆ ಪಾತ್ರೆಯಲ್ಲಿ ಕಲಕಿ, ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಕಾಯಬೇಕು. ಬಾಯಿ ತೆರೆದಿಟ್ಟ ಪೌಡರ್ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಸಣ್ಣ ಪ್ಯಾಕೆಟ್ ತನ್ನಿ.

ಚೆಲ್ಲಿದ ನೀರು ನಿಂತರೆ ಕೆಸರು, ಸೊಳ್ಳೆ. ನಲ್ಲಿಯ ಕೆಳಗೆ ಖಡಿ (ಜಲ್ಲಿಕಲ್ಲು) ಹಾಸಿ, ಒಂದು ಸಣ್ಣ ಪೈಪಿನಲ್ಲಿ ಅದನ್ನು ಪಕ್ಕದ ಕಲ್ಲಿನ ತೊಟ್ಟಿಗೆ ಬಿಟ್ಟರೆ ದನ, ನಾಯಿ ಕುಡಿಯುತ್ತವೆ.

ತೊಗರಿ ಕಣಜ

ಬಹಳ ಉಪಯೋಗವಾಯಿತು. ಕೆಲವು ಸದಸ್ಯರು ನೀರಿನ ಬದಲು ದಿನಾ ಮಜ್ಜಿಗೆ ಕೊಡೋಣ ಎನ್ನುತ್ತಿದ್ದಾರೆ, ಆಗುತ್ತದೆಯೇ?

ಜಗತ್ ಸರ್ಕಲ್

ದಿನಾ ಬೇಡ. ವಾರಕ್ಕೊಂದು ದಿನ ಇಟ್ಟುಕೊಳ್ಳಿ. 10 ಲೀಟರ್ ಮೊಸರಿಗೆ 40 ಲೀಟರ್ ನೀರು, 250 ಗ್ರಾಂ ಉಪ್ಪು, ಹುರಿದು ಕುಟ್ಟಿದ ಜೀರಿಗೆ, ಕೊತ್ತಂಬರಿ. 200 ಗ್ಲಾಸ್ ಆಗುತ್ತದೆ. ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಹಿತ್ತಾಳೆ, ತಾಮ್ರಕ್ಕೆ ಹುಳಿ ತಾಗಬಾರದು. 11 ಗಂಟೆಗೆ ಕಡೆದದ್ದು 2ರೊಳಗೆ ಖಾಲಿಯಾಗಬೇಕು. ತಂಪಿಗೆಂದು ಕಾರ್ಖಾನೆಯ ದೊಡ್ಡ ಮಂಜುಗಡ್ಡೆ ಒಳಗೆ ಹಾಕಬೇಡಿ, ಅದು ಸಾಮಾನು ಕೆಡದಂತೆ ಇಡುವುದಕ್ಕೆ ಮಾಡಿದ್ದು, ಕುಡಿಯುವುದಕ್ಕಲ್ಲ. ಪಾತ್ರೆಯ ಹೊರಗೆ ಸುತ್ತ ಇಡಬಹುದು.

ಇನ್ನು ಸದಸ್ಯರ ವಿಷಯ, ಅರವಟಿಗೆ ನಿಂತುಹೋಗುವುದು ಇಲ್ಲಿಯೇ. ದುಡ್ಡಿಲ್ಲದೆ ನಿಂತದ್ದು ಕಡಿಮೆ. ಸಂಜೆ ಗಡಿಗೆ ತುಂಬುವವರು ಯಾರೆಂದು ಗೊತ್ತಿಲ್ಲದೆ ನಿಂತದ್ದೇ ಹೆಚ್ಚು. ಹಗಲು 10ರಿಂದ 5ರವರೆಗೆ ನೀರು ಕೊಡಲು ಕೂಲಿ ಕೊಟ್ಟು ಒಬ್ಬರನ್ನು ಇಡಿ. ಬಿಸಿಲಲ್ಲಿ ಪುಕ್ಕಟೆ ನಿಲ್ಲುವವರನ್ನು ನಂಬಿ ಕೂತರೆ ಆಗದು. ಆದರೆ ರಾತ್ರಿ 8ಕ್ಕೆ ತೊಳೆದು ತುಂಬುವ ಒಂದು ಗಂಟೆಯ ಕೆಲಸವನ್ನು ಕೂಲಿಗೆ ಬಿಡಬೇಡಿ, ಅದು ಸದಸ್ಯರದ್ದೇ ಆಗಲಿ.

24 ಮಂದಿ ಎಂದರೆ 12 ಜೋಡಿ. ಮೂರು ತಿಂಗಳಿಗೆ ಒಂದು ಜೋಡಿಗೆ ಏಳೆಂಟು ಪಾಳಿ ಬರುತ್ತದೆ, ಯಾರಿಗೂ ಭಾರವಲ್ಲ. ಗೆಳೆಯ ಗೆಳೆಯನನ್ನು ಜೋಡಿ ಮಾಡಬೇಡಿ. ಏಪ್ರಿಲ್, ಮೇ ಲಗ್ನದ ಹಂಗಾಮು, ಒಂದೇ ಗಲ್ಲಿಯವರು, ಒಂದೇ ಬಳಗದವರು ಒಂದೇ ಲಗ್ನಕ್ಕೆ ಹೋಗುತ್ತಾರೆ, ಆ ರಾತ್ರಿ ಗಡಿಗೆ ಖಾಲಿ. ಅಂಗಡಿಯವರೊಬ್ಬರು, ನೌಕರರೊಬ್ಬರು ಇರಲಿ. ಹಳಬರೊಬ್ಬರು, ಹೊಸಬರೊಬ್ಬರು ಇರಲಿ. ತಿಂಗಳ ಸಭೆಯಲ್ಲಿ ಒಂದೇ ಮೇಜಿಗೆ ಕೂರದವರು ಒಟ್ಟಿಗೆ ಕ್ಯಾನ್ ಎತ್ತಿದಾಗ ಪರಿಚಯ ಗಟ್ಟಿಯಾಗುತ್ತದೆ. ಕ್ಲಬ್ಬಿನ ಒಡನಾಟ ಎಂದರೆ ನನಗೆ ಇದೇ, ಹೋಟೆಲ್ ಹಾಲ್ ಅಲ್ಲ.

ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳಿಗೆ ಸಾಮಾನ್ಯವಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಇರುತ್ತದೆ. ಕಚೇರಿ ಬಿಡುವ ಹೊತ್ತಿಗೇ ಜನ ಹೆಚ್ಚು, ಎರಡನೇ ಸಾಲು ತೆರೆದಿರಬೇಕು. ನೌಕರ ಸದಸ್ಯರಿಗೆ ಮಧ್ಯಾಹ್ನ ಬಿಡುವು ಇರುವುದರಿಂದ ಕ್ಯಾನ್ ಎಣಿಸುವ, ಕೂಲಿ ಕೊಡುವ ಕೆಲಸ ಅವರಿಗೆ ಒಪ್ಪಿಸಿ.

ಪಾಳಿ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಶುಭೋದಯದ ಚಿತ್ರಗಳಡಿ ಮುಚ್ಚಿಹೋಗುತ್ತದೆ. ಅರವಟಿಗೆಯ ಕಂಬಕ್ಕೇ ಅಂಟಿಸಿ. ತುಂಬಿದವರು ಸಹಿ ಹಾಕಲಿ. ತಿಂಗಳ ಸಭೆಯನ್ನೂ ಅಲ್ಲೇ ಹತ್ತಿರದ ಯಾರದಾದರೂ ಮಾಳಿಗೆಯ ಮೇಲೆ ರಾತ್ರಿ 9ಕ್ಕೆ ಇಡಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮಜ್ಜಿಗೆ, ಮನೆಗೊಂದು ಬುತ್ತಿ. ಮನೆಯವರೂ ಬರಲಿ.

ಭೀಮಾ ತೀರ

ಎರಡು ಸೇರಿಸುತ್ತೇನೆ. ಜಾಗಕ್ಕೆ ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಫುಟ್‌ಪಾತ್ ಮುಚ್ಚಿದರೆ ಎಬ್ಬಿಸುತ್ತಾರೆ. ಬಸ್ ನಿಲ್ದಾಣದೊಳಗೆ ಎಂದರೆ ಸಾರಿಗೆ ನಿಗಮದ ಒಪ್ಪಿಗೆ ಬೇಕು.

ಲೆಕ್ಕ ಎರಡು ಖಾತೆಯಲ್ಲಿರಲಿ. ಜನರಿಂದ ನೀರಿಗೆಂದು ಎತ್ತಿದ ಹಣ ನೀರಿಗೇ, ಸದಸ್ಯರ ಊಟ ಅವರ ಚಂದಾದಿಂದ. ಲಯನ್ಸ್ ಕ್ಲಬ್‌ಗಳಲ್ಲಿ ಇದು ನಿಯಮವೇ ಇದೆ. ದೊಡ್ಡ ದೇಣಿಗೆ ಕೇಳುವುದಕ್ಕಿಂತ "ಹುಟ್ಟುಹಬ್ಬಕ್ಕೆ ಒಂದು ದಿನದ ನೀರು" ಎಂದು ಹತ್ತು ಕ್ಯಾನಿನ ಬೆಲೆ ಕೇಳಿ, ಹಲಗೆಯ ಮೇಲೆ ಆ ದಿನ ಸೀಮೆಸುಣ್ಣದಲ್ಲಿ ಹೆಸರು ಬರೆಯಿರಿ.

ಲಯನ್ಸ್, ರೋಟರಿಗಳಲ್ಲಿ ಜುಲೈ 1ಕ್ಕೆ ಪದಾಧಿಕಾರಿಗಳು ಬದಲಾಗುತ್ತಾರೆ. ನಿಮ್ಮಲ್ಲೂ ಹಾಗೆಯೇ ಇದ್ದರೆ ನಲ್ಲಿ, ಸೌಟು, ಗ್ಲಾಸು, ಪರ್ಸಿ, ನೆಟ್ ಎಲ್ಲದರ ಪಟ್ಟಿ ಮಾಡಿ ಜೂನ್ ಕೊನೆಯಲ್ಲೇ ಸಹಿ ಹಾಕಿಸಿ ಒಪ್ಪಿಸಿ. ಗಡಿಗೆಗಳನ್ನು ಮಾತ್ರ ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ತೂತು ಉಪ್ಪಿನಿಂದ ಕಟ್ಟಿಕೊಂಡಿರುತ್ತವೆ, ಸಸಿ ನೆಡುವವರಿಗೆ ಕೊಟ್ಟುಬಿಡಿ.